ತುಟಿ ಸಾಲು

ನಮ್ಮೂರಿನ ದೊಡ್ಡ ಗವಾಯಿಗಳು ತೀರಿಕೊಂಡ ಮೇಲೆ ಅವರ ಮನೆಯನ್ನು ಸ್ಮಾರಕ ಮಾಡಿದರು. ಪರವೂರಿನವರು ಬರುತ್ತಾರೆ, ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾರೆ, ಅವರು ರಿಯಾಜು ಮಾಡುತ್ತಿದ್ದ ಜಮಖಾನೆಯ ಎದುರು ಕಣ್ಣು ಮುಚ್ಚಿ ಕೂರುತ್ತಾರೆ. ಅಲ್ಲಿ ಏನೂ ಕೇಳಿಸುವುದಿಲ್ಲ. ಒಂದು ಜನ್ಮವೆಲ್ಲ ಆ ಕೋಣೆಯಲ್ಲಿ ಹಾಡಿದವರು ಒಂದು ಸ್ವರವನ್ನೂ ತಪ್ಪಿಸಲಿಲ್ಲವಾದ್ದರಿಂದ ಒಂದು ಸ್ವರವೂ ಅಲ್ಲಿ ಉಳಿದಿಲ್ಲ. ಬಂದವರು ಹೊರಗೆ ಬಂದು "ಎಂಥಾ ಶುದ್ಧ" ಎಂದು ನಿಟ್ಟುಸಿರು ಬಿಟ್ಟು ಚಹಾದಂಗಡಿ ಹುಡುಕುತ್ತಾರೆ. ಎದುರು ಮನೆಯಲ್ಲಿ ಟಾಂಗಾ ಹೊಡೆಯುತ್ತಿದ್ದ ಫಕೀರಪ್ಪ ಎಂಬವನಿದ್ದ, ಅವನು ಗವಾಯಿಗಳಿಗಿಂತ ಎಷ್ಟೋ ಮೊದಲೇ ಹೋದ. ಕುಡಿದು ಬಂದ ದಿನ ಬಾಗಿಲಲ್ಲಿ ನಿಂತು ಅವನು ಎಳೆದ ಧೈವತ ಇವತ್ತಿಗೂ ಅದೇ ಚೌಕಟ್ಟಿನ ಕೆಳಗೆ ಗುಂಯ್ ಎನ್ನುತ್ತಿದೆ. ಮೊಮ್ಮಕ್ಕಳು ಶಾಲೆಗೆ ಹೋಗುವಾಗ "ಅಜ್ಜಾ, ಸರಿ ಸ್ವಲ್ಪ" ಎಂದು ತಲೆ ಬಗ್ಗಿಸಿ ದಾಟುತ್ತಾರೆ.

ನಮ್ಮೂರಿನ ಕಾಯಿದೆ ಇಷ್ಟೇ. ಸರಿಯಾಗಿ ಹಾಡಿದ್ದು ಗಾಳಿಗೆ ಹೋಗುತ್ತದೆ, ತಪ್ಪಿ ಹಾಡಿದ್ದು ಹಾಡಿದ ಜಾಗದಲ್ಲೇ ನಿಂತುಬಿಡುತ್ತದೆ. ನಿಂತದ್ದು ಮಳೆಗೆ ತೊಳೆದುಹೋಗುವುದಿಲ್ಲ, ಸುಣ್ಣ ಬಳಿದರೆ ಮುಚ್ಚುವುದಿಲ್ಲ. ಹಾಡಿದವರೇ ಮತ್ತೆ ಅದೇ ಜಾಗಕ್ಕೆ ಬಂದು ಆ ಸ್ವರವನ್ನು ನೆಟ್ಟಗೆ ಹಚ್ಚಿದರೆ ಮಾತ್ರ ಹೋಗುತ್ತದೆ. ಅವರು ಇಲ್ಲವಾದರೆ ಅವರ ಹೊಟ್ಟೆಯಲ್ಲಿ ಹುಟ್ಟಿದವರು ಹಚ್ಚಿದರೂ ನಡೆಯುತ್ತದೆ. ಬೇರೆಯವರು ಎಷ್ಟು ಗಂಟಲು ಹರಿದುಕೊಂಡರೂ ಅದು ಅಲ್ಲಾಡುವುದಿಲ್ಲ.

ಹೀಗಾಗಿ ನಮ್ಮಲ್ಲಿ ಮನೆ ಬಾಡಿಗೆಗೆ ಹಿಡಿಯುವವರು ನಲ್ಲಿಯ ನೀರು ಯಾವಾಗ ಬರುತ್ತದೆಂದು ಕೇಳುವ ಮೊದಲು ಅಡುಗೆಮನೆಯಲ್ಲಿ ಒಂದು ಗಳಿಗೆ ಸುಮ್ಮನೆ ನಿಂತು ನೋಡುತ್ತಾರೆ. ಬಚ್ಚಲುಮನೆಯ ಸುದ್ದಿಯಂತೂ ಬೇಡವೇ ಬೇಡ. ಬ್ಯಾಂಕಿನಲ್ಲಿ ಹಳೆಯ ಕ್ಯಾಶಿಯರರೊಬ್ಬರು ತಮ್ಮ ಬೀಳ್ಕೊಡುಗೆಯ ದಿನ ಉಮೇದಿನಿಂದ ಹಾಡಿ ಬಿಟ್ಟುಹೋದ ನಿಷಾದವೊಂದು ಕೌಂಟರಿನ ಮೇಲೆ ನಿಂತಿದೆ, ಜನ ಪಕ್ಕದ ಕೌಂಟರಿಗೇ ಪಾಳಿ ಹಚ್ಚುತ್ತಾರೆ. ಎಷ್ಟು ಸಲ ಹೇಳಿಕಳಿಸಿದರೂ ಅವರು ಬಂದು ಅದನ್ನು ಸರಿಮಾಡಲೊಲ್ಲರು. ಬ್ಯಾಂಕು ತಮ್ಮನ್ನು ಮರೆಯಬಾರದು ಎಂಬುದು ಅವರ ವಾದ.

ಅವರ ವಾದ ಪೂರಾ ಹುಚ್ಚಲ್ಲ ಎನ್ನುವುದು ಗೊತ್ತಾಗಲು ಸಿಂಪಿಗೇರ ದತ್ತೋಬನನ್ನು ನೋಡಬೇಕು. ಅವನ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಮೇಲೆ ಅವನ ಅಪ್ಪನ ಒಂದು ಸೊಟ್ಟ ರಿಷಭ ನಿಂತಿತ್ತು. ಗಿರಾಕಿಗಳು ಅದಕ್ಕೂ ಒಂದು ನಮಸ್ಕಾರ ಹಾಕಿ ಅಳತೆ ಕೊಡುತ್ತಿದ್ದರು. ಒಂದು ದೀಪಾವಳಿಗೆ ಕೈತುಂಬ ಕೆಲಸ ಬಂದ ಖುಷಿಯಲ್ಲಿ ದತ್ತೋಬ ತನಗೇ ತಿಳಿಯದೆ ಹಾಡಿಕೊಂಡ, ಅದೂ ಸರಿಯಾಗಿ ಹಾಡಿಕೊಂಡ. ಅಪ್ಪ ಹೋದ. ಆಮೇಲೆ ಅವನು ಅಂಗಡಿ ಮುಚ್ಚಿಕೊಂಡು, ಬೇಕಂತಲೇ ಸೊಟ್ಟ ಸೊಟ್ಟ ಹಾಡಿ ಆ ರಿಷಭವನ್ನು ಹಿಂದಕ್ಕೆ ತರಲು ನೋಡಿದ. ಬಂದವೆಲ್ಲ ಅವನವೇ. ಈಗ ಆ ಅಂಗಡಿಗೆ ಕಾಲಿಟ್ಟರೆ ಜೇನುಗೂಡಿಗೆ ತಲೆ ಕೊಟ್ಟಂತಾಗುತ್ತದೆ, ಅದರ ನಡುವೆ ದತ್ತೋಬ ಬಾಯಿ ಹೊಲಿದುಕೊಂಡು ಗುಂಡಿ ಹಚ್ಚುತ್ತಾನೆ.

ಇಂಥ ಊರಿನಲ್ಲಿ ಶಾಲೆ ನಡೆಸುವುದು ಸಣ್ಣ ಮಾತಲ್ಲ. ನಮ್ಮದು ಹೆಸರಾದ ಶಾಲೆ. ಸುತ್ತಿನ ಎಲ್ಲ ಶಾಲೆಗಳ ನಡುವೆ ವರ್ಷಕ್ಕೊಮ್ಮೆ ಸಮೂಹಗಾಯನದ ಸ್ಪರ್ಧೆ ನಡೆಯುತ್ತದೆ, ಗೆದ್ದವರಿಗೆ ನಿರ್ಮಲ ಸಭಾಗೃಹ ಢಾಲು ಎಂಬ ದೊಡ್ಡದೊಂದು ಹಿತ್ತಾಳೆಯ ಢಾಲು ಕೊಡುತ್ತಾರೆ. ಅದು ನಮ್ಮ ಶಾಲೆಯ ಗೋಡೆಯನ್ನು ಬಿಟ್ಟು ಕದಲದೆ ಎಷ್ಟೋ ಕಾಲವಾಯಿತು. ಸ್ಪರ್ಧೆಯ ಪದ್ಧತಿ ಹೀಗೆ: ಪರೀಕ್ಷಕರು ಶಾಲೆಗೆ ಬರುತ್ತಾರೆ, ಮಕ್ಕಳು ಬಾಗಿಲು ಮುಚ್ಚಿದ ಸಭಾಗೃಹದಲ್ಲಿ ಹಾಡುತ್ತಾರೆ, ಅಷ್ಟು ಹೊತ್ತು ಪರೀಕ್ಷಕರು ಆಫೀಸಿನಲ್ಲಿ ಕೂತು ಉಪ್ಪಿಟ್ಟು ಶಿರಾ ತಿನ್ನುತ್ತಾರೆ. ಮಕ್ಕಳು ಹೊರಗೆ ಹೋದ ಮೇಲೆ ಒಳಗೆ ಬಂದು ಖಾಲಿ ಸಭಾಗೃಹವನ್ನು ಕೇಳುತ್ತಾರೆ. ಎಲ್ಲಿ ಏನು ನಿಂತಿದೆ ಎಂದು ಗೋಡೆಗುಂಟ ಕಿವಿ ಕೊಟ್ಟು ನಡೆಯುತ್ತಾರೆ. ಕಡಿಮೆ ಕೇಳಿಸಿದಷ್ಟೂ ಹೆಚ್ಚು ಮಾರ್ಕು. ಹಾಡನ್ನು ಕೇಳಿದರೆ ಮನಸ್ಸು ವಾಲುತ್ತದೆ, ಮಕ್ಕಳ ಮುಖ ನೋಡಿ ಕರುಣೆ ಬರುತ್ತದೆ, ಖಾಲಿ ಸಭಾಗೃಹಕ್ಕೆ ಮುಖವಿಲ್ಲ ಎಂದು ಈ ಪದ್ಧತಿ ತಂದವರು ಹೇಳಿದರಂತೆ.

ನಮ್ಮ ಸಂಗೀತದ ಕಂಠಿಮಠ ಮಾಸ್ತರರು ಪದ್ಧತಿಗೆ ತಕ್ಕ ಉಪಾಯ ಹೂಡಿದರು. ಸ್ವರ ತಪ್ಪೀತು ಎನಿಸಿದ ಮಗುವನ್ನು ಬೈಯುವುದಿಲ್ಲ, ಹೊಡೆಯುವುದಿಲ್ಲ. ಹಿಂದಿನ ಸಾಲಿಗೆ ಕಳಿಸುತ್ತಾರೆ. ಅಲ್ಲಿ ಕೂತವರು ಹಾಡಬಾರದು, ಹಾಡಿದಂತೆ ತುಟಿ ಆಡಿಸಬೇಕು. ಅದಕ್ಕೆ ತುಟಿ ಸಾಲು ಎಂದು ಹೆಸರು. ಮಕ್ಕಳೆಲ್ಲ ಭಾಗವಹಿಸಿದಂತೆಯೂ ಆಯಿತು, ಸಭಾಗೃಹ ಚೊಕ್ಕಟವಾಗಿಯೂ ಉಳಿಯಿತು. ಮೊದಲು ಅದು ಒಂದೇ ಸಾಲಿತ್ತು. ವರ್ಷ ಕಳೆದಂತೆ ಎರಡಾಯಿತು, ನಾಲ್ಕಾಯಿತು.

ನಾನು ಅದೇ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ಮಕ್ಕಳು ಜವಳಿ ಅಕ್ಕೋರು ಎನ್ನುತ್ತಾರೆ. ಕಲಿತದ್ದೂ ಅಲ್ಲಿಯೇ. ಎರಡನೆಯ ಇಯತ್ತೆಯಲ್ಲಿ ಬಾಯಿ ತೆರೆದ ಮೊದಲ ದಿನವೇ, ದನಿ ಹೊರಡುವ ಮೊದಲೇ, ಹಿಂದಿನ ಸಾಲಿಗೆ ಹೋದವಳು ನಾನು, ಶಾಲೆ ಬಿಡುವವರೆಗೂ ಅಲ್ಲಿಂದ ಎದ್ದಿಲ್ಲ. ತುಟಿ ಆಡಿಸುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಆಲಾಪಕ್ಕೆ ಹುಬ್ಬು ಏರಿಸುವುದನ್ನು, ತಾನಕ್ಕೆ ಕತ್ತು ಅಲ್ಲಾಡಿಸುವುದನ್ನು ಬೇರೆಯವರು ನನ್ನಿಂದ ಕಲಿತರು. ಮದುವೆಯಲ್ಲಿ ಗಂಡನ ಹೆಸರಿಗೆ ಒಡಪು ಹಾಡಿ ಎಂದಾಗಲೂ ತುಟಿ ಆಡಿಸಿದೆ, ಹಿರಿಯರು ನಾಚಿಕೆ ಎಂದುಕೊಂಡರು. ಈ ಊರಿನಲ್ಲಿ ನನ್ನ ದನಿ ಎಲ್ಲೂ ನಿಂತಿಲ್ಲ. ಆ ಒಂದು ವಿಷಯದಲ್ಲಿ ನಾನು ದೊಡ್ಡ ಗವಾಯಿಗಳಿಗೆ ಸರಿಸಮ.

ಮುಕ್ತಾ ಬಡಿಗೇರ ಎಂಬ ಹುಡುಗಿ ಜೂನ್ ತಿಂಗಳಲ್ಲಿ ಆರನೆಯ ಇಯತ್ತೆಗೆ ಹೊಸದಾಗಿ ಬಂದಳು. ಅವಳ ಅಪ್ಪ ಮೋನಪ್ಪ ಕಿಟಕಿ ಬಾಗಿಲು ಮಾಡುವ ಬಡಿಗ, ತಾಯಿ ತೀರಿಹೋಗಿ ವರ್ಷದ ಮೇಲಾಗಿತ್ತು. ಮೊದಲ ದಿನ ಪ್ರಾರ್ಥನೆಗೆ ಎಲ್ಲರೂ ಸಭಾಗೃಹದಲ್ಲಿ ನಿಂತಿದ್ದೆವು. ನಮ್ಮ ಪ್ರಾರ್ಥನೆ ಭೂಪ ರಾಗದಲ್ಲಿದೆ, ಭೂಪದಲ್ಲಿ ಗಾಂಧಾರದ್ದೇ ಯಜಮಾನಿಕೆ, ಎರಡು ಹೆಜ್ಜೆಗೊಮ್ಮೆ ಅದರ ಮನೆಗೆ ಹೋಗಿ ಬರಬೇಕು. ಮುಂದಿನ ಕಿಟಕಿಯ ಕೆಳಗೆ ನಿಂತಿದ್ದ ಮುಕ್ತಾ ಯಾರನ್ನೂ ಕೇಳದೆ, ಎದೆ ತುಂಬ ಉಸಿರು ತೆಗೆದುಕೊಂಡು ಹಾಡಿದಳು. ಎಷ್ಟೋ ವರ್ಷಗಳ ಮೇಲೆ ಆ ಸಭಾಗೃಹದಲ್ಲಿ ಒಂದು ಮಗುವಿನ ದನಿ ಮಾಸ್ತರರ ಹಾರ್ಮೋನಿಯಂ ಪೇಟಿಗಿಂತ ಮೇಲೆ ಕೇಳಿಸಿತು. ಸಾ ಸರಿ, ರೀ ಸರಿ. ಗಾಂಧಾರ ಮಾತ್ರ ಒಂಚೂರು ಇಳಿದಿತ್ತು. ಪ್ರಾರ್ಥನೆ ಮುಗಿದು ಎಲ್ಲರೂ ಸುಮ್ಮನಾದಾಗ ಕಿಟಕಿಯ ಕೆಳಗೆ ಅದು ಹಾಗೆಯೇ ನಿಂತಿತ್ತು.

ಮಾಸ್ತರರು ಅವಳನ್ನು ಅಲ್ಲಿಯೇ ನಿಲ್ಲಿಸಿ ಮತ್ತೊಮ್ಮೆ ಹಾಡಿಸಿದರು. ಈಗ ಎರಡಾದವು.

ನಮ್ಮ ಮುಖ್ಯೋಪಾಧ್ಯಾಯಿನಿ, ಎಲ್ಲರ ದೊಡ್ಡ ಬಾಯಾರು, ಸುಮಿತ್ರಾಬಾಯಿ ಕಟಗಿಯವರು ತಲೆಗೆ ಸೆರಗು ಹೊದ್ದುಕೊಂಡು ಬಂದು ಕಿಟಕಿಯ ಕೆಳಗೆ ನಿಂತು ಕೇಳಿದರು. ಅವರು ಕೆಟ್ಟವರಲ್ಲ. ಮಕ್ಕಳ ಡಬ್ಬಿಯಲ್ಲಿ ಏನಿದೆ ಎಂದು ದಿನಾ ನೋಡುವವರು, ಖಾಲಿ ಇದ್ದವರಿಗೆ ತಮ್ಮದನ್ನು ಕೊಡುವವರು. ಆದರೆ ಢಾಲಿನ ಮಾತು ಬಂದರೆ ಅವರ ಮುಖ ಬೇರೆಯಾಗುತ್ತದೆ.

"ಸ್ಪರ್ಧಾ ಬರೂದ್ರೊಳಗ ಇವೆರಡೂ ಹೋಗಬೇಕು," ಎಂದರು. "ಅಕಿನ ಬಿಟ್ಟಾಳ, ಅಕಿನೇ ತಗೀಬೇಕು. ಆಗಲಿಲ್ಲಂದ್ರ ಅಕಿನ್ನ ಹಳ್ಳದಾಚೆ ಸಾಲಿಗೆ ಕಳಿಸೂಣ. ಅಲ್ಲೆ ಹೆಂಗೂ ಸಂಗೀತ ಇಲ್ಲ, ಅಕಿಗೂ ತ್ರಾಸಿಲ್ಲ."

"ಅಕಿ ಹೋದ್ರೂ ಸ್ವರ ಇಲ್ಲೇ ಇರತಾವಲ್ರೀ," ಎಂದೆ ನಾನು.

"ಇರಲಿ. ಆದ್ರ ಮೂರನೇದು ಬರೂದಿಲ್ಲ."

ಹಳ್ಳದಾಚೆಯ ಶಾಲೆಗೆ ಅಪ್ಪ ಕಳಿಸುತ್ತಾನೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಸಾಯಂಕಾಲ ಮೋನಪ್ಪನನ್ನು ಕರೆಸಿದಾಗ ಅವನೇ ಹೇಳಿದ. ಹೆಗಲ ಮೇಲಿನ ಟವೆಲಿನಿಂದ ಕೈ ಒರೆಸಿಕೊಳ್ಳುತ್ತ ಹೇಳಿದ ಮಾತು ನನಗೆ ನೆನಪಿದೆ. "ಅಷ್ಟು ದೂರ ಹೆಂಗ ಕಳಸ್ಲಿ ಬಾಯಾರ. ಮನ್ಯಾಗ ರೊಟ್ಟಿ ಅಕಿನ ಬಡೀಬೇಕು. ಇಲ್ಲಿ ಬ್ಯಾಡ ಅಂದ್ರ ಸಾಲಿ ಬಿಡಸ್ತೀನಿ. ಹೆಂಗೂ ಕೂಡಸೂದು ಕಳಿಯೂದು ಬರತೈತಿ."

ಅವಳಿಗೆ ಕೂಡಿಸುವುದು ಕಳೆಯುವುದಷ್ಟೇ ಅಲ್ಲ, ನಾನು ಹೇಳಿಕೊಡದ್ದೂ ಬರುತ್ತಿತ್ತು. ನನ್ನ ತರಗತಿಯಲ್ಲಿ ಅಂಥ ತಲೆ ಬಂದು ಬಹಳ ಕಾಲವಾಗಿತ್ತು. 

ಮಾಸ್ತರರು ತಿಂಗಳುಗಟ್ಟಲೆ ಪ್ರಯತ್ನಪಟ್ಟರು. ಮಧ್ಯಾಹ್ನದ ಬಿಡುವಿನಲ್ಲಿ ಅವಳನ್ನು ಶಾಲೆಯ ಹಿಂದಿನ ಬೇವಿನ ಮರದ ಕೆಳಗೆ ಕೂಡಿಸಿಕೊಂಡು, ಪೇಟಿಯಲ್ಲಿ ಗಾಂಧಾರ ಒತ್ತಿ ಹಿಡಿದು, "ಇದರ ಮ್ಯಾಲ ಕುಂದರು" ಎನ್ನುತ್ತಿದ್ದರು. ಅವಳು ಪೇಟಿಯ ಗಾಂಧಾರವನ್ನು ಮರ್ಯಾದೆಯಿಂದ ಕೇಳಿ, ಅದರ ಪಕ್ಕದಲ್ಲಿ ತನ್ನದನ್ನು ಇಡುತ್ತಿದ್ದಳು. ಬೇವಿನ ಮರದ ಕೆಳಗೆ ಎಷ್ಟು ಗಾಂಧಾರ ನೆರೆದವೆಂದರೆ ಕಾಗೆಗಳು ಗೂಡು ಬದಲಿಸಿದವು. ಮಾಸ್ತರರು ತಾವು ಹಾಡಿ ತೋರಿಸುತ್ತಿರಲಿಲ್ಲ. ಈ ಕೆಲಸಕ್ಕೆ ಸೇರಿದ ಮೇಲೆ ಅವರು ಹಾಡುವುದನ್ನು ಯಾರೂ ಕೇಳಿಲ್ಲ. ಸಂಗೀತದ ಮಾಸ್ತರರ ಸ್ವರವೇ ಎಲ್ಲಾದರೂ ನಿಂತುಬಿಟ್ಟರೆ ಮುಖ ಎಲ್ಲಿಡುವುದು.

"ಅಕಿಗೆ ಕಿವಿ ಇಲ್ಲ ಅನ್ನೂಹಂಗಿಲ್ಲ ಅಕ್ಕೋರ," ಎಂದರು ಒಂದು ದಿನ ನನ್ನ ಹತ್ತಿರ. "ದಿನಾ ಅಷ್ಟ ಇಳೀತಾಳ. ಕೂದಲೆಳಿ ಹೆಚ್ಚಿಲ್ಲ, ಕಡಿಮಿಲ್ಲ. ತಪ್ಪು ಹಾಡವ್ರು ಹಿಂಗ ಹಾಡೂದಿಲ್ಲ."

ನನಗೆ ಅದು ತಿಳಿದದ್ದು ಹದಿನೇಳರ ಮಗ್ಗಿಯಿಂದ. ನಮ್ಮಲ್ಲಿ ಮಗ್ಗಿಯನ್ನು ರಾಗವಾಗಿ ಹೇಳಿಸುವುದಿಲ್ಲ, ಸಪ್ಪಗೆ ಹೇಳಿಸುತ್ತೇವೆ. ಹಿಂದೊಬ್ಬ ಮಾಸ್ತರರು ಉತ್ಸಾಹಕ್ಕೆ ಬಿದ್ದು ರಾಗವಾಗಿ ಹೇಳಿಸಿದ್ದರ ಫಲ ಕರಿಹಲಗೆಯ ಮಗ್ಗುಲಲ್ಲಿ ಇನ್ನೂ ಇದೆ, ಭಾಗಾಕಾರ ಬಿಡಿಸುವಾಗ ತೊಂದರೆ ಕೊಡುತ್ತದೆ. ಅವತ್ತು ಮುಕ್ತಾ ಹಲಗೆಯ ಮುಂದೆ ನಿಂತು ಲೆಕ್ಕ ಮಾಡುತ್ತಿದ್ದಳು. ಲೆಕ್ಕ ಕಠಿಣವಾಗಿತ್ತು. ಅವಳ ಚಿತ್ತವೆಲ್ಲ ಅದರಲ್ಲಿ ಮುಳುಗಿ, ಬಾಯಿ ತಾನೇ ತಾನಾಗಿ ಹದಿನೇಳರ ಮಗ್ಗಿಯನ್ನು ಭೂಪದಲ್ಲಿ ಗುನುಗತೊಡಗಿತು. ನಾನು ಉಸಿರು ಹಿಡಿದು ನಿಂತೆ. ಮಗ್ಗಿ ಗಾಂಧಾರಕ್ಕೆ ಏರಿತು, ಅಲ್ಲಿ ಕೂತಿತು, ಇಳಿಯಿತು. ಮುಗಿದ ಮೇಲೆ ಹಲಗೆಯ ಮುಂದೆ ಏನೂ ಉಳಿಯಲಿಲ್ಲ. ಪೂರಾ ಚೊಕ್ಕಟ.

"ಮುಕ್ತಾ, ಈಗ ಗಾಂಧಾರ ಸರಿ ಹಚ್ಚಿದೆಲ್ಲ ನೀ," ಎಂದೆ.

ಅವಳ ಕೈಯಲ್ಲಿನ ಸೀಮೆಸುಣ್ಣ ನಿಂತಿತು. "ಇಲ್ರೀ," ಎಂದಳು. "ಅದು ಹಾಡಲ್ರೀ. ಲೆಕ್ಕ."

ಮರುದಿನ ರವಿವಾರ. ನಾನು ಬಡಿಗೇರ ಓಣಿಗೆ ಹೋದೆ. ಮೋನಪ್ಪನ ಮನೆ ಅಂದರೆ ಮುಂದೊಂದು ಪಡಸಾಲೆ, ಹಿಂದೊಂದು ಅಡುಗೆಮನೆ. ಪಡಸಾಲೆ ಖಾಲಿಯಿತ್ತು. ಅಡುಗೆಮನೆಯಲ್ಲಿ ಒಲೆಯ ಈಚೆ ಮುಕ್ತಾ ರೊಟ್ಟಿ ಬಡಿಯುತ್ತಿದ್ದಳು. ಒಲೆಯ ಆಚೆ, ಕಾಲು ಚಾಚಲು ಜಾಗವಿಲ್ಲದ ಮೂಲೆಯಲ್ಲಿ, ಮೋನಪ್ಪ ಉಜ್ಜುಗೊರಡು ಹಿಡಿದು ಒಂದು ಕಿಟಕಿಯ ಚೌಕಟ್ಟು ಹೆರೆಯುತ್ತಿದ್ದ. ಕಟ್ಟಿಗೆಯ ಹೊಟ್ಟು ಹಿಟ್ಟಿನೊಳಗೆ ಬೀಳದಂತೆ ನಡುವೆ ಹಳೆಯ ಸೀರೆಯೊಂದನ್ನು ಕಟ್ಟಿದ್ದರು. ಅಷ್ಟು ದೊಡ್ಡ ಪಡಸಾಲೆ ಬಿಟ್ಟು ಇಲ್ಲೇಕೆ ಕೂತಿದ್ದಾನೆ ಎಂದು ನಾನು ಕೇಳುವುದರೊಳಗೆ ನನಗೆ ಕೇಳಿಸಿತು. ಒಲೆಯ ಮೇಲೆ, ಕೂತ ಹೆಂಗಸಿನ ಬಾಯಿಯ ಎತ್ತರದಲ್ಲಿ, ಒಂದು ಗಾಂಧಾರ ನಿಂತಿತ್ತು. ಒಂಚೂರು ಇಳಿದ ಗಾಂಧಾರ. ಮುಕ್ತಾ ರೊಟ್ಟಿ ತಟ್ಟುತ್ತ ಹಾಡುತ್ತಿದ್ದಳು, ಗಾಂಧಾರ ಬಂದಾಗಲೆಲ್ಲ ಅವಳ ದನಿ ಹೋಗಿ ಅದರಲ್ಲೇ ಬೆರೆಯುತ್ತಿತ್ತು, ಬೇರೆಯಾಗಿ ನಿಲ್ಲುತ್ತಿರಲಿಲ್ಲ.

"ಇವ್ರವ್ವಂದು," ಎಂದ ಮೋನಪ್ಪ, ಹೆರೆಯುವುದನ್ನು ನಿಲ್ಲಿಸದೆ. "ಅಕಿ ಇದ್ದಾಗ ನಾನ ಬೈತಿದ್ದೆ, ಇದೇನು ದಿನಾ ಕಿವ್ಯಾಗ ಅಂತ."

ನನಗೆ ಕೂಡಲು ಮಣೆ ಕೊಟ್ಟರು. ಬಿಸಿ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ಕೊಟ್ಟಳು ಮುಕ್ತಾ. ತಿನ್ನುತ್ತ ನಾನು ನನ್ನ ಬುದ್ಧಿವಂತಿಕೆಯನ್ನೆಲ್ಲ ಖರ್ಚು ಮಾಡಿದೆ. "ನೋಡವಾ, ಸಾಲ್ಯಾಗಿಂದು ನಿಂದು, ಇಲ್ಲಿಂದು ನಿಮ್ಮವ್ವಂದು. ಅಲ್ಲಿ ಕಿಟಕಿ ಕೆಳಗ ಒಂದ ಸಲ ಸರಿ ಹಾಡಿಬಿಡು. ಮನ್ಯಾಗ ನೀ ಹೆಂಗ ಬೇಕಾದ್ರೂ ಹಾಡು. ಯಾರು ಬ್ಯಾಡ ಅಂತಾರ?"

"ಬಾಯಿಗೆ ರೂಢಿ ಆಗತೈತ್ರೀ," ಎಂದಳು ಅವಳು. ತಟ್ಟುವ ಕೈ ನಿಲ್ಲಲಿಲ್ಲ. "ನಿನ್ನಿ ಲೆಕ್ಕ ಮಾಡುವಾಗ ನನಗ ಗೊತ್ತಿಲ್ದನ ಬಂತಲ್ರಿ. ರೊಟ್ಟಿ ಬಡಿಯುವಾಗ ಇಲ್ಲಿ ಹಂಗ ಬಂದ್ರ? ದತ್ತೋಬ ಕಾಕಾಗ ಏನಾತು ನೋಡ್ರಿ."

ನಾನು ಗಣಿತ ಕಲಿಸುವವಳು. ಉತ್ತರ ಇದ್ದೇ ಇರುತ್ತದೆ ಎಂದು ಮಕ್ಕಳಿಗೆ ಹೇಳುವವಳು. ಕಲಿಸುವುದೆಂದರೇ ರೂಢಿ ಮಾಡಿಸುವುದು, ರೂಢಿಯಾದರೆ ಇವಳ ತಾಯಿ ಹೋಗುತ್ತಾಳೆ, ಆಗದಿದ್ದರೆ ಇವಳ ಶಾಲೆ ಹೋಗುತ್ತದೆ. ಇಂಥ ಲೆಕ್ಕ ನಮ್ಮ ಪುಸ್ತಕದಲ್ಲಿರಲಿಲ್ಲ. ಇನ್ನೊಂದು ರೊಟ್ಟಿ ಹಾಕಿಸಿಕೊಂಡು ತಿಂದು ಎದ್ದು ಬಂದೆ.

ದೊಡ್ಡ ಬಾಯಾರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಒರೆಸಿ ಹಾಕಿಕೊಂಡರು. ಅವರ ತಾಯಿಯದೂ ಒಂದು ಪಂಚಮ ತವರುಮನೆಯ ದೇವರಕೋಣೆಯಲ್ಲಿದೆ, ಅದು ನನಗೂ ಗೊತ್ತು. "ನನಗೇನು ತಿಳಿಯೂದಿಲ್ಲೇನು," ಎಂದರು ಕೊನೆಗೆ. "ಆದ್ರ ಸಾಲಿ ನಡಸೂದಂದ್ರ ಒಬ್ಬಾಕಿದು ನೋಡಿದ್ರ ಆಗೂದಿಲ್ಲ. ಸ್ಪರ್ಧಾ ಮುಗಿಯೂತನಕ ತುಟಿ ಸಾಲಿನ್ಯಾಗ ಕೂಡಲಿ. ಎರಡು ಸ್ವರ ಇದ್ದೂ ಢಾಲು ಉಳಿದರ ಅಕಿನೂ ಉಳಿದ್ಲು. ಢಾಲು ಹೋದ್ರ ನನ್ನ ಕೈಯಾಗಿಲ್ಲ, ಕಮಿಟಿಯವರು ಅಕಿ ಹೆಸರು ಕೇಳೇ ಕೇಳ್ತಾರ."

ಹಾಗೆ ಮುಕ್ತಾ ತುಟಿ ಸಾಲಿನ ಕಟ್ಟಕಡೆಗೆ ಹೋದಳು. ತುಟಿ ಆಡಿಸುವುದನ್ನು ಕಲಿಸಲು ನನ್ನನ್ನೇ ನೇಮಿಸಿದರು, ಊರಿನಲ್ಲಿ ಆ ವಿದ್ಯೆಗೆ ನಾನೇ ಹಿರಿಯಳು. ಉಸಿರನ್ನು ಗಂಟಲವರೆಗೆ ತಂದು ಅಲ್ಲೇ ಹೇಗೆ ಹಿಡಿಯಬೇಕು, ದನಿ ಹೊರಡುವ ಮುಂಚೆ ಹೇಗೆ ನುಂಗಬೇಕು ಎಂದು ತೋರಿಸಿದೆ. ಹುಡುಗಿ ಚೂಟಿ, ವಾರದಲ್ಲಿ ಕಲಿತಳು. ಕಲಿತ ದಿನ ನನ್ನ ಮುಖ ನೋಡಿ ಕೇಳಿದಳು, "ಅಕ್ಕೋರ, ನುಂಗಿದ್ದು ಎಲ್ಲಿ ಹೋಗತೈತ್ರಿ?" ಅಷ್ಟು ವರ್ಷ ನುಂಗಿದವಳು ನಾನು, ನನಗೆ ಅದನ್ನು ಕೇಳಬೇಕೆಂದು ಹೊಳೆದಿರಲಿಲ್ಲ.

ಸ್ಪರ್ಧೆಯ ದಿನ ಸಭಾಗೃಹಕ್ಕೆ ರಂಗೋಲಿ, ತೋರಣ, ಎಲ್ಲ ಆಯಿತು. ಪರೀಕ್ಷಕರು ಆಫೀಸಿನಲ್ಲಿ ದೊಡ್ಡ ಬಾಯಾರ ಎದುರು ಶಿರಾಕ್ಕೆ ಕೂತರು. ಬಾಗಿಲು ಮುಚ್ಚಿದರು. ಒಳಗೆ ಮಕ್ಕಳು, ಪೇಟಿಯ ಮುಂದೆ ಕಂಠಿಮಠ ಮಾಸ್ತರರು, ತುಟಿ ಸಾಲುಗಳನ್ನು ನೋಡಿಕೊಳ್ಳಲು ಹಿಂದೆ ನಾನು. ಅಷ್ಟು ಮಕ್ಕಳಲ್ಲಿ ನಿಜವಾಗಿ ಹಾಡುವವರೆಂದು ಆ ವರ್ಷ ಉಳಿದಿದ್ದವರು ಇಬ್ಬರು, ಕಾವೇರಿ ಶೆಟ್ಟರ ಮತ್ತು ಅನಂತ ಪೂಜಾರ. ಕಾವೇರಿಗೆ ಹಿಂದಿನ ದಿನದಿಂದ ಕೆಮ್ಮು. ಅಪಾಯ ಬೇಡವೆಂದು ಮಾಸ್ತರರು ಅವಳಿಗೂ ತುಟಿ ಆಡಿಸಲು ಹೇಳಿದ್ದರು. ಉಳಿದವನು ಅನಂತ.

ಸ್ಪರ್ಧೆಗೂ ನಮ್ಮದು ಅದೇ ಪ್ರಾರ್ಥನೆ. ಪೇಟಿ ಭೂಪ ಹಿಡಿಯಿತು. ಮಾಸ್ತರರು ತಲೆಯಾಡಿಸಿ ಎತ್ತುಗಡೆ ಕೊಟ್ಟರು. ಎಲ್ಲ ಬಾಯಿಗಳೂ ಒಟ್ಟಿಗೆ ತೆರೆದವು, ಹುಬ್ಬುಗಳು ಏರಿದವು, ಕತ್ತುಗಳು ಅಲ್ಲಾಡಿದವು. ಪೇಟಿಯೊಂದರ ಹೊರತು ಏನೂ ಕೇಳಿಸಲಿಲ್ಲ. ತಾನೊಬ್ಬನೇ ಹಾಡಬೇಕು ಎಂದು ಅರಿವಾದ ಕೂಡಲೇ ಅನಂತ ಎದೆಗುಂದಿದ್ದ, ಅವನೂ ತುಟಿ ಆಡಿಸುತ್ತಿದ್ದ. ಒಂದೊಂದು ಮಗುವೂ ಉಳಿದವರು ಹಾಡುತ್ತಾರೆಂದು ನಂಬಿ ಬಾಯಿ ಆಡಿಸುತ್ತಿತ್ತು, ಸ್ವಲ್ಪ ಹೊತ್ತಿಗೆ ಒಂದೊಂದರ ಕಣ್ಣೂ ಪಕ್ಕದವರ ಬಾಯಿಗೆ ಹೋಯಿತು. ಮಾಸ್ತರರು ಪೇಟಿಯ ಮೇಲೆ ಬಗ್ಗಿದವರು ತಲೆ ಎತ್ತಲಿಲ್ಲ. ಅವರ ಕಿವಿ ಕೆಂಪಾಗಿತ್ತು. ಎಷ್ಟು ಶಿಸ್ತಿನ ಹಾಡು ಅದು. ಒಂದು ತುಟಿಯೂ ತಾಳ ತಪ್ಪಲಿಲ್ಲ.

ಹಿಂದಿನ ಸಾಲಿನಿಂದ ಮುಕ್ತಾ ಎದ್ದಳು. ನಾನು ಅವಳ ಲಂಗ ಹಿಡಿದು ಕೂಡಿಸಬೇಕಿತ್ತು, ಅದಕ್ಕೇ ನನ್ನನ್ನು ಅಲ್ಲಿ ಇಟ್ಟಿದ್ದರು. ಕೈ ಹೋಗಲಿಲ್ಲ. ಅವಳು ಸಾಲುಗಳನ್ನು ದಾಟಿ, ಕಾಲುಗಳನ್ನು ತುಳಿಯದಂತೆ ಲಂಗ ಎತ್ತಿಕೊಂಡು, ಮುಂದಿನ ಕಿಟಕಿಯ ಕೆಳಗೆ ಹೋಗಿ ನಿಂತಳು, ಅವಳ ಎರಡು ಗಾಂಧಾರಗಳ ನಡುವೆ. ಉಸಿರು ತೆಗೆದುಕೊಂಡು ಹಾಡಿದಳು. ಸಾ. ರೀ. ನಾನು ಕಣ್ಣು ಮುಚ್ಚಿದೆ. ಗಾಂಧಾರ ಬಂತು, ಎಲ್ಲಿ ಕೂರಬೇಕೋ ಅಲ್ಲಿ ಕೂತಿತು, ಒಂದು ಕೂದಲೆಳೆ ಕೂಡ ಇಳಿಯಲಿಲ್ಲ. ಕಿಟಕಿಯ ಕೆಳಗಿನ ಗುಂಯ್ ಎಂಬುದು ದೀಪ ಊದಿದ ಹಾಗೆ ನಿಂತುಹೋಯಿತು. ಅವಳು ಪ್ರಾರ್ಥನೆಯನ್ನು ಕೊನೆಯವರೆಗೆ ಒಬ್ಬಳೇ ಹಾಡಿದಳು, ಪೇಟಿ ಅವಳ ಹಿಂದೆ ತಡವರಿಸುತ್ತ ಹೋಯಿತು, ಮಾಸ್ತರರ ಕಣ್ಣಿನಿಂದ ನೀರು ಪೇಟಿಯ ಮೇಲೆ ಬೀಳುತ್ತಿತ್ತು. ಉಳಿದ ಮಕ್ಕಳು ತುಟಿ ಆಡಿಸುತ್ತಲೇ ಇದ್ದರು, ನಿಲ್ಲಿಸಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಪರೀಕ್ಷಕರು ಬಂದು ಗೋಡೆಗುಂಟ ನಡೆದರು. ಕಿಟಕಿಯ ಕೆಳಗೆ ಬಹಳ ಹೊತ್ತು ನಿಂತರು. ಕಿವಿಯ ಹಿಂದೆ ಅಂಗೈ ಹಿಡಿದರು. "ಇದಕ್ಕಿಂತ ನಿರ್ಮಲ ಇನ್ನೇನಿರಲಿಕ್ಕೆ ಸಾಧ್ಯ," ಎಂದು ಬರೆದುಕೊಟ್ಟರು. ದೊಡ್ಡ ಬಾಯಾರು ಪೇಢೆ ಹಂಚಿಸಿ ಭಾಷಣ ಮಾಡಿದರು. ತುಟಿ ಸಾಲಿನ ಶಿಸ್ತೇ ಈ ಗೆಲುವಿಗೆ ಕಾರಣ, ಮುಂದಿನ ವರ್ಷ ಇನ್ನೊಂದು ಸಾಲು ಹೆಚ್ಚಿಸೋಣ ಎಂದರು. ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡು ಚಪ್ಪಾಳೆ ತಟ್ಟಿದರು. ಅವಳು ಹಾಡಿದಳು ಎಂದರೆ ತಾವು ಹಾಡಲಿಲ್ಲ ಎಂದ ಹಾಗೆ. ಮಾಸ್ತರರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಮುಕ್ತಾಳ ಶಾಲೆ ಉಳಿಯಿತು, ನನಗೆ ಅಷ್ಟು ಸಾಕಿತ್ತು, ಸಾಕು ಎಂದುಕೊಂಡೆ.

ಸಂಜೆ ಪೇಢೆಯ ಪೊಟ್ಟಣ ಹಿಡಿದು ಬಡಿಗೇರ ಓಣಿಗೆ ಹೋದೆ. ಓಣಿಯ ಬಾಯಲ್ಲೇ ನನ್ನ ಕಾಲು ನಿಧಾನವಾಯಿತು. ಮನೆಯಿಂದ ಹಾಡು ಕೇಳಿಸುತ್ತಿರಲಿಲ್ಲ. ಒಳಗೆ ಹೋಗಿ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಕಿವಿ ಕೊಟ್ಟೆ, ಪರೀಕ್ಷಕರು ಕೊಟ್ಟದ್ದಕ್ಕಿಂತ ಹೆಚ್ಚು ಕೊಟ್ಟೆ. ಇತ್ತು. ಒಲೆಯ ಮೇಲೆ ತಾಯಿಯ ಗಾಂಧಾರ ತನ್ನ ಜಾಗದಲ್ಲೇ ಇತ್ತು. ಅದರ ಕೆಳಗೆ ಕೂತು ಮುಕ್ತಾ ರೊಟ್ಟಿ ತಟ್ಟುತ್ತಿದ್ದಳು. ಹುಬ್ಬು ಏರುತ್ತಿತ್ತು, ಕತ್ತು ಅಲ್ಲಾಡುತ್ತಿತ್ತು, ತುಟಿ ಆಡುತ್ತಿತ್ತು. ದನಿ ಇರಲಿಲ್ಲ. ನಾನು ಕಲಿಸಿದ್ದನ್ನು ಅವಳು ಒಂದಿಷ್ಟೂ ಮರೆತಿರಲಿಲ್ಲ.

"ಇನ್ನ ಇಲ್ಲಿ ಹಾಡೂದಿಲ್ರೀ," ಎಂದಳು. "ಬಾಯಿಗೆ ಸರಿ ಗೊತ್ತಾಗೇತಿ. ಹೇಳಾಕ ಬರೂದಿಲ್ಲ, ಯಾವಾಗ ಬಂದೀತು."

"ಮತ್ತ ಅಲ್ಲಿ ಯಾಕ ಹಾಡಿದಿ ಮುಕ್ತಾ? ಸುಮ್ನ ತುಟಿ ಆಡಿಸಿದ್ದಿದ್ರ ಯಾರಿಗೂ ತಿಳೀತಿದ್ದಿಲ್ಲ."

ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಆಮೇಲೆ ಹೇಳಿದಳು. "ಯಾರೂ ಹಾಡ್ಲಿಲ್ಲಲ್ರೀ. ಅಷ್ಟು ದೊಡ್ಡ ಹಾಲು, ಪೂರಾ ಖಾಲಿ. ಆ ಎರಡು ಗಾಂಧಾರ ಅವ್ವನ ಹಂಗ ಅಲ್ಲಿ ನಿಂತಿದ್ವು. ಅಕಿನ್ನ ಒಬ್ಬಾಕಿನ್ನ ಅಲ್ಲಿ ಬಿಟ್ಟು ಬರಾಕ ಮನಸ್ಸಾಗಲಿಲ್ಲ, ಸರಿ ಹಚ್ಚಿ ಬಿಡಿಸ್ಕೊಂಡ ಬಂದೆ."

ಸೀರೆಯ ಆಚೆ ಮೋನಪ್ಪನ ಉಜ್ಜುಗೊರಡು ನಿಂತಿತ್ತು. ಹಾಡುವ ಹುಡುಗಿಯನ್ನು ಶಾಲೆಗೆ ಉಳಿಸಿಕೊಟ್ಟು ಅವನ ಮನೆಯ ಹಾಡು ನಿಲ್ಲಿಸಿದವರು ನಾವು. ಈಗ ಇಲ್ಲಿಯೂ ಅವಳ ತಾಯಿ ಒಬ್ಬಳೇ ಆದಳಲ್ಲ ಎಂದು ನನಗೆ ದುಃಖ ಒತ್ತರಿಸಿ ಬಂತು. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ.

ಬಂದದ್ದು ಮಾತಲ್ಲ. ಮಣೆಯೊಂದನ್ನು ಎಳೆದುಕೊಂಡು ಒಲೆಯ ಮುಂದೆ, ಮುಕ್ತಾಳ ಮಗ್ಗುಲಿಗೆ ಕೂತು, ಎರಡನೆಯ ಇಯತ್ತೆಯಿಂದ ನುಂಗಿಕೊಂಡು ಬಂದ ಆ ಪ್ರಾರ್ಥನೆಯನ್ನು ಮೊದಲಿನಿಂದ ಹಾಡಿದೆ. ಸಾ ಹೇಗೆ ಹೊರಟಿತೋ ನಾನರಿಯೆ. ಗಾಂಧಾರವನ್ನು ಹುಡುಕುತ್ತ ಹೋದವಳು ಅದನ್ನು ದಾಟಿ ಎಲ್ಲೋ ಪಂಚಮದ ಹಿತ್ತಲಿಗೆ ಬಿದ್ದೆ. ಹಂಚಿನ ಮೇಲಿನ ರೊಟ್ಟಿ ಸೀಯಿತು. ಉಸಿರು ಮುಗಿದು ನಾನು ನಿಂತೆ, ನನ್ನ ದನಿ ನಿಲ್ಲಲಿಲ್ಲ. ಒಲೆಯ ಮೇಲೆ, ಇಳಿದ ಗಾಂಧಾರದ ಪಕ್ಕದಲ್ಲಿ, ಒಡಕು ಪಂಚಮವೊಂದು ನಿಂತುಕೊಂಡು ಗುಂಯ್ ಎನ್ನುತ್ತಿತ್ತು. ಅದು ನನ್ನದೆಂದು ತಿಳಿಯಲು ನನಗೇ ಒಂದು ಗಳಿಗೆ ಬೇಕಾಯಿತು.

ಮುಕ್ತಾ ರೊಟ್ಟಿ ಇಡುವ ಕೆರಸಿಯಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು. "ಅಕ್ಕೋರ, ನಿಮ್ಮ ಪಂಚಮ ಭಾಳ ಸೊಟ್ಟ ಐತ್ರಿ," ಎಂದಳು.

"ನಾಳೆ ಬಂದು ತಗೀತೀನವಾ," ಎಂದೆ ನಾನು, ನಾಚಿಕೆಯಿಂದ.

"ಇರಲಿ ಬಿಡ್ರಿ," ಎಂದ ಮೋನಪ್ಪ ಸೀರೆಯ ಆಚೆಯಿಂದ. "ಅಕಿಗೊಂದು ಜೋಡಾತು."

ಆಮೇಲೆ ಉಜ್ಜುಗೊರಡು ಮತ್ತೆ ಹೊರಟಿತು. ಮುಕ್ತಾ ಹೊಸ ರೊಟ್ಟಿಗೆ ಹಿಟ್ಟು ನಾದಿದಳು. ಈಗ ಅವಳು ಶಾಲೆಯಲ್ಲಿ ಹಾಡುತ್ತಾಳೆ, ಮನೆಯಲ್ಲಿ ತುಟಿ ಆಡಿಸುತ್ತಾಳೆ. ಅವಳು ರೊಟ್ಟಿ ಬಡಿಯುವಾಗ ತಲೆಯ ಮೇಲೆ ಹಾಡಲು ಇಬ್ಬರಿದ್ದೇವೆ, ಒಬ್ಬಳು ಅವಳ ತಾಯಿ, ಇನ್ನೊಬ್ಬಳು ಗಣಿತದವಳು.